ತೊಳೆದು ಜೋಡಿಸಿಡು

ಏಳು ಮುಗಿದಿದ್ದವು. ಎಂಟನೆಯದನ್ನು ಬೋಲ್ಟು ಸೀಮೆಎಣ್ಣೆಯ ಬೋಗುಣಿಯಲ್ಲಿ ಮುಳುಗಿಸಿ, ಹಳೇ ಟೂತ್‌ಬ್ರಷ್ಷಿನಿಂದ ಗಸಗಸ ಉಜ್ಜುತ್ತಿದ್ದಳು. ಕೈಗೆ ಅಮ್ಮನ ರಬ್ಬರ್ ಗ್ಲೌಸು. ಅದರ ಬೆರಳುಗಳ ತುದಿ ಖಾಲಿ ಜೋತಾಡುತ್ತಿತ್ತು. ಕಪ್ಪು ಜಿಡ್ಡು ಕರಗಿ ಒಳಗಿನ ಉಕ್ಕು ಹೊಳೆಯತೊಡಗಿತು. ಬಟ್ಟೆಯಲ್ಲಿ ಒರೆಸಿ ಕಣ್ಣ ಮುಂದೆ ಹಿಡಿದರೆ, ಅದರ ತಳದಲ್ಲಿ ಅವಳದೇ ಮೂಗು ಕಾಣಿಸಿತು, ಸ್ವಲ್ಪ ದಪ್ಪಗೆ.

“ಮುಗೀತಾ?” ಅಮ್ಮ ಕಾರಿನ ಬಾನೆಟ್ಟಿನ ಒಳಗಿಂದಲೇ ಕೇಳಿದಳು. ಅವಳ ಬೆನ್ನು, ಕಾಲು ಮಾತ್ರ ಹೊರಗಿದ್ದವು.

“ಇದೊಂದೇ ಅಮ್ಮ.”

“ತೊಳೆದು ಜೋಡಿಸಿಡು. ನಾಳೆ ಕೂರಿಸೋಣ.”

ಬೋಲ್ಟು ಎನ್ನುವುದು ಅವಳ ನಿಜವಾದ ಹೆಸರಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆಯೇ ಇದೆ. ಆದರೆ ಮಗುವಾಗಿದ್ದಾಗ ಎಷ್ಟು ಆಟದ ಸಾಮಾನು ಕೊಟ್ಟರೂ ಬಿಸಾಕಿ, ಒಂದು ಬೋಲ್ಟನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದಳಂತೆ. ಅಂದಿನಿಂದ ಮನೆಗೂ ಬೀದಿಗೂ ಅವಳು ಬೋಲ್ಟು. ಈಗ ಐದನೇ ಕ್ಲಾಸು.

ಅಮ್ಮ ಕಾರು ರಿಪೇರಿ ಮಾಡುತ್ತಾಳೆ. ಅದೂ ಎಂಥ ಕಾರು? ಬೇರೆ ಗ್ಯಾರೇಜಿನವರು “ಇದನ್ನ ಗುಜರಿಗೆ ಹಾಕಿ” ಎಂದು ಕೈ ತೊಳೆದುಕೊಂಡ ಮುದಿ ಕಾರುಗಳು. ಮನೆಯ ಪಕ್ಕದ ಶೆಡ್ಡೇ ಅವಳ ಗ್ಯಾರೇಜು. ಈ ವಾರ ಅಲ್ಲಿ ನಿಂತಿದ್ದದ್ದು ಡಾಕ್ಟರಮ್ಮನ ಹಸಿರು ಕಾರು. ಡಾಕ್ಟರಮ್ಮನಿಗೆ ಎಪ್ಪತ್ತೆಂಟು, ಕಾರಿಗೆ ಐವತ್ತು. ಬೀದಿಯ ಅರ್ಧ ಜನ ಹುಟ್ಟುವ ಮೊದಲೇ ಅದರಲ್ಲಿ ಒಂದು ಸುತ್ತು ಹೋಗಿ ಬಂದವರು, ಅವರ ಅಮ್ಮಂದಿರ ಹೊಟ್ಟೆಯಲ್ಲಿ. ಬೋಲ್ಟುವೂ ಹೋಗಿದ್ದಳು.

ಆ ಕಾರು ಹೋದ ತಿಂಗಳಿಂದ ಟಕ್ ಟಕ್ ಎನ್ನುತ್ತಿತ್ತು. ಅಮ್ಮ ಎಂಜಿನ್ನಿನ ಪಕ್ಕಕ್ಕೆ ಕಿವಿ ಕೊಟ್ಟು ಕೇಳಿ, “ಟ್ಯಾಪೆಟ್ಟು” ಎಂದಿದ್ದಳು.

ಟ್ಯಾಪೆಟ್ ಎಂದರೆ ಬೋಲ್ಟು ತೊಳೆಯುತ್ತಿದ್ದಳಲ್ಲ, ಅದೇ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಪುಟ್ಟ ಲೋಟದಂಥ ಉಕ್ಕಿನ ತುಂಡು. ಎಂಜಿನ್ನಿನ ಒಳಗೆ ಕ್ಯಾಮ್ ಎಂಬ ಉದ್ದನೆಯ ಕೋಲು ತಿರುಗುತ್ತಿರುತ್ತದೆ. ಅದರ ಮೈಮೇಲೆ ಎಂಟು ಉಬ್ಬು. ಒಂದೊಂದು ಉಬ್ಬೂ ತನ್ನ ಮೇಲೆ ಕೂತ ಟ್ಯಾಪೆಟ್ಟನ್ನು ಎತ್ತುತ್ತದೆ, ಇಳಿಸುತ್ತದೆ. ಆಗ ಎಂಜಿನ್ನಿನ ಪುಟ್ಟ ಬಾಗಿಲುಗಳು ತೆರೆದು ಮುಚ್ಚಿ, ಕಾರು ಉಸಿರಾಡುತ್ತದೆ. ಉಕ್ಕಿಗೆ ಉಕ್ಕು ತಿಕ್ಕುವ ಜಾಗ ಅದು. ಮಧ್ಯೆ ಸತುವಿನ ಅಂಶ ಚೆನ್ನಾಗಿರುವ ಆಯಿಲ್ ಇದ್ದರೆ ಎಲ್ಲ ಸುಖ. ಡಾಕ್ಟರಮ್ಮ ಕಾರಿನ ಮೇಲಿನ ಪ್ರೀತಿ ಹೆಚ್ಚಾಗಿ, ಅಂಗಡಿಯಲ್ಲಿ ಎಲ್ಲಕ್ಕಿಂತ ಹೊಸದಾಗಿ ಬಂದ ಆಯಿಲ್ ಹಾಕಿಸಿದ್ದರು. ಹೊಸ ಕಾರಿಗೆ ಅದು ಅಮೃತ. ಹಳೇ ಕಾರಿಗೆ ಅದರಲ್ಲಿ ಸತು ಸಾಲದು.

“ಸದ್ಯ, ಸರಿಯಾದ ಹೊತ್ತಿಗೆ ತಂದ್ರು. ಉಬ್ಬುಗಳು ಇನ್ನೂ ಚೆನ್ನಾಗಿವೆ” ಎಂದಿದ್ದಳು ಅಮ್ಮ. ಒಳಗೆಲ್ಲ ತೊಳೆದು, ಹಳೇ ಕಾರಿಗೆ ತಕ್ಕ ಆಯಿಲ್ ಹಾಕಿ, ಟ್ಯಾಪೆಟ್ಟಿಗೂ ಪುಟ್ಟ ಬಾಗಿಲಿಗೂ ನಡುವಿನ ಗ್ಯಾಪ್ ಸರಿ ಮಾಡಿದರೆ ಟಕ್ ಟಕ್ ನಿಲ್ಲುತ್ತದೆ, ಶನಿವಾರಕ್ಕೆ ಕಾರು ರೆಡಿ ಎಂಬುದು ಅವಳ ಅಂದಾಜು.

ಅಮ್ಮ ಟ್ಯಾಪೆಟ್ಟುಗಳನ್ನು ಬಿಚ್ಚಿ ಮೊಟ್ಟೆಯ ಟ್ರೇಯಲ್ಲಿ ಇಟ್ಟಿದ್ದಳು. ಬೋಲ್ಟು ಎಂಟನ್ನೂ ಒಟ್ಟಿಗೆ ಬೋಗುಣಿಗೆ ಸುರಿದು ತೊಳೆದಳು. ಈಗ ಜೋಡಿಸಬೇಕು. ಮನೆಯಲ್ಲಿ ದಿನಾ ಪಾತ್ರೆ ತೊಳೆದು ಜೋಡಿಸುವವಳು ಅವಳೇ. ದೊಡ್ಡ ತಟ್ಟೆ ಕೆಳಗೆ, ಚಿಕ್ಕದು ಮೇಲೆ, ಲೋಟ ಸಾಲಾಗಿ. ಆದರೆ ಟ್ಯಾಪೆಟ್ಟುಗಳೆಲ್ಲ ಒಂದೇ ಅಳತೆ. ಆದ್ದರಿಂದ ಹೊಳಪು ನೋಡಿ ಜೋಡಿಸಿದಳು. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುವುದು ಮೊದಲ ಗುಳಿಯಲ್ಲಿ, ಎಷ್ಟು ಉಜ್ಜಿದರೂ ಮಂಕಾಗಿಯೇ ಉಳಿದ ಸೋಮಾರಿ ಕೊನೆಯ ಗುಳಿಯಲ್ಲಿ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಇಷ್ಟು ಚೆಂದದ ಟ್ಯಾಪೆಟ್ಟುಗಳನ್ನು ಪ್ರಪಂಚದಲ್ಲಿ ಯಾರೂ ನೋಡಿರಲಾರರು ಎನಿಸಿತು.

ಮರುದಿನ ಬುಧವಾರ ಶಾಲೆಯಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶನಿವಾರ ಹತ್ತು ಗಂಟೆಗೆ ಸ್ಕೂಲ್ ಡೇ. ಡಾಕ್ಟರಮ್ಮನೇ ಮುಖ್ಯ ಅತಿಥಿ. ಅವರು ಹಸಿರು ಕಾರಿನಲ್ಲೇ ಬರಬೇಕು, ಮಕ್ಕಳೆಲ್ಲ ಗೇಟಿನಿಂದ ಸಾಲಾಗಿ ನಿಲ್ಲಬೇಕು ಎಂದು ಹೆಡ್ ಮೇಡಂ ಹೇಳಿದ್ದರು. ಕ್ಲಾಸ್ ಲೀಡರ್ ಕಾರು ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದಲ್ಲಿ ಚೌಕ ಬರೆಯುತ್ತಿದ್ದ. ಅವನಿಗೆ ಎಲ್ಲವೂ ಗೆರೆಯ ಒಳಗೇ ಇರಬೇಕು.

“ಆ ಕಾರು ಕೆಟ್ಟು ನಿಂತಿದೆಯಂತಲ್ಲ, ಬರುತ್ತಾ?” ಎಂದು ಅವನು ಕೇಳಿದ.

“ಬಂದೇ ಬರುತ್ತೆ. ನಾನೇ ರಿಪೇರಿ ಮಾಡ್ತಿರೋದು” ಎಂದುಬಿಟ್ಟಳು ಬೋಲ್ಟು.

ಆಮೇಲೆ ಮಾತು ಬೆಳೆಯಿತು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಬೋಲ್ಟು ಒಬ್ಬಳೇ ಎಂಜಿನ್ ಇಳಿಸಿದ್ದಳು. ಮನೆಗೆ ಹೋಗುವ ಹೊತ್ತಿಗೆ ಅಮ್ಮ ಅವಳಿಗೆ ಬರೀ ಸ್ಪ್ಯಾನರ್ ಎತ್ತಿಕೊಡುವವಳಾಗಿಬಿಟ್ಟಿದ್ದಳು. ಪಾಪ, ಅಮ್ಮನಿಗೆ ಇದು ಗೊತ್ತಿರಲಿಲ್ಲ.

ಸಂಜೆ ಶೆಡ್ಡಿನಲ್ಲಿ ಅಮ್ಮ ಒಳ್ಳೆಯ ಹುರುಪಿನಲ್ಲಿದ್ದಳು. ಕ್ಯಾಮ್ ಆಗಲೇ ತನ್ನ ಜಾಗದಲ್ಲಿ ಕೂತಿತ್ತು. ಪಕ್ಕದ ಕಿಟಕಿಯಂಥ ತೂತಿನಿಂದ ಟ್ಯಾಪೆಟ್ಟುಗಳನ್ನು ಒಂದೊಂದಾಗಿ ಇಳಿಸುವುದಷ್ಟೇ ಬಾಕಿ. “ಒಂದನೇದು ಕೊಡು” ಎಂದಳು. ಬೋಲ್ಟು ಕೊಟ್ಟಳು. ಅಮ್ಮ ಅದರ ತಳಕ್ಕೆ ಸವೆಯದಿರಲೆಂದು ಕಪ್ಪು ಪೇಸ್ಟ್ ಸವರಿ ಮೆಲ್ಲಗೆ ಒಳಗಿಳಿಸಿದಳು. ಎರಡನೆಯದು, ಮೂರನೆಯದು. ಅವಳು ಹಾಡು ಗುನುಗುತ್ತಿದ್ದಳು.

“ಪಕ್ಕದ ಮನೆ ಹುಡುಗಿ ಕಾಲೂ ನಿನ್ನ ಕಾಲೂ ಒಂದೇ ಸೈಜ್ ಅಲ್ವಾ? ಅವಳ ಹಳೇ ಚಪ್ಪಲಿ ನೀನು ಹಾಕ್ಕೊಂಡ್ರೆ ಏನಾಗುತ್ತೆ?” ಎಂದು ಗುನುಗುವುದರ ನಡುವೆ ಕೇಳಿದಳು.

“ಕಚ್ಚುತ್ತೆ.”

“ಹಾಂ. ಅಳತೆ ಒಂದೇ, ಸವೆತ ಬೇರೆ. ಇವೂ ಹಂಗೇ. ಐವತ್ತು ವರ್ಷ ಒಂದೊಂದು ಟ್ಯಾಪೆಟ್ಟೂ ತನ್ನ ಉಬ್ಬಿಗೆ ತಕ್ಕ ಹಾಗೆ ಸವೆದಿರುತ್ತೆ. ಅದಕ್ಕೇ ನಾನು ಟ್ರೇಲಿ ಬಿಚ್ಚಿದ ಕ್ರಮದಲ್ಲೇ ಇಡೋದು. ಅದಲು ಬದಲಾದ್ರೆ ಒಂದನ್ನೊಂದು ತಿಂದ್ಹಾಕ್ತವೆ.”

ಬೋಲ್ಟು ಕೊಡಲು ಹೋದವಳು ಕೈ ಹಿಂದೆಗೆದಳು. ನಾಲ್ಕನೆಯ ಟ್ಯಾಪೆಟ್ ಅವಳ ಅಂಗೈಯಲ್ಲಿತ್ತು. “ತಿನ್ನೋದು… ಯಾವಾಗ ಗೊತ್ತಾಗುತ್ತೆ?” ಎಂದು ಕೇಳಿದಳು.

“ಈಗಲೇ ಗೊತ್ತಾಗಲ್ಲ. ಎರಡು ತಿಂಗಳೋ ಮೂರು ತಿಂಗಳೋ ಬೇಕು. ಆಮೇಲೆ ಕ್ಯಾಮೇ ಹೋಯ್ತು ಅಂತ ತಿಳ್ಕೊ. ಈ ಕಾರಿಗೆ ಹೊಸ ಕ್ಯಾಮ್ ಈಗ ಎಲ್ಲೂ ಸಿಗಲ್ಲ. ನಾಲ್ಕನೇದು?”

ಅಮ್ಮ ತಲೆ ಎತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿದಳು.

ಈಗಲೇ ಗೊತ್ತಾಗಲ್ಲ. ಆ ಮಾತು ಬೋಲ್ಟುವಿನ ಕಿವಿಯಲ್ಲೇ ಕೂತುಬಿಟ್ಟಿತು. ಶನಿವಾರ ಕಾರು ಓಡುತ್ತದೆ. ಚೌಕದೊಳಗೆ ಬಂದು ನಿಲ್ಲುತ್ತದೆ. ಲೀಡರ್ ಬಾಯಿ ಬಿಟ್ಟು ನೋಡುತ್ತಾನೆ. ಮೂರು ತಿಂಗಳಾದ ಮೇಲೆ ಟಕ್ ಟಕ್ ಎಂದರೆ ಹಳೇ ಕಾರು ಎಂದುಕೊಳ್ಳುತ್ತಾರೆ. ಯಾರೂ ಬೋಲ್ಟುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಮ್ಮನ ಕೈ ಇನ್ನೂ ಚಾಚಿಕೊಂಡೇ ಇತ್ತು. ಮಗಳು ಕೊಟ್ಟದ್ದು ಸರಿಯಾಗಿಯೇ ಇರುತ್ತದೆ ಎಂದು ಆ ಕೈ ಸುಮ್ಮನೆ ಕಾಯುತ್ತಿತ್ತು. ಅದನ್ನು ನೋಡುವುದೇ ಬೋಲ್ಟುವಿಗೆ ಕಷ್ಟವಾಯಿತು.

“ಅಮ್ಮ, ಇದು ನಾಲ್ಕನೇದಲ್ಲ.”

“ಮತ್ತೆ?”

“ಎಷ್ಟನೇದೋ ಗೊತ್ತಿಲ್ಲ. ಆಗಲೇ ಹಾಕಿದ್ಯಲ್ಲ, ಅವು ಮೂರೂ ಗೊತ್ತಿಲ್ಲ. ನಾನು ಎಲ್ಲಾ ಒಟ್ಟಿಗೆ ಸುರಿದು ತೊಳೆದೆ. ಆಮೇಲೆ ಹೊಳಪಿನ ಪ್ರಕಾರ ಜೋಡಿಸಿದೆ.”

ಅಮ್ಮನ ಗುನುಗು ನಿಂತಿತು. ಅವಳು ಬಾನೆಟ್ಟಿನೊಳಗಿಂದ ನಿಧಾನವಾಗಿ ನೆಟ್ಟಗಾದಳು. ಮುಖ ಗಂಟು ಹಾಕಿಕೊಂಡು ನಲ್ಲಿಯ ಹತ್ತಿರ ಹೋಗಿ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಳು. ಕೆಲಸದ ಮಧ್ಯೆ ಅವಳು ಯಾವತ್ತೂ ಕೈ ತೊಳೆಯುವವಳಲ್ಲ. 

ಅಮ್ಮ ಬಂದು ಮೂರನ್ನೂ ಹೊರತೆಗೆದಳು. ಎಂಟನ್ನೂ ಒಂದೊಂದಾಗಿ ಬಲ್ಬಿನ ಕೆಳಗೆ ಹಿಡಿದು, ಓರೆ ಮಾಡಿ, ತಿರುಗಿಸಿ ನೋಡಿದಳು. ಯಾವುದು ಯಾರ ಜೋಡಿ ಎಂದು ಹೇಳುವ ಒಂದು ಕಲೆಯಾಗಲಿ ಗೀಟಾಗಲಿ ಸಿಗಲಿಲ್ಲ.

“ಉಜ್ಜಿರೋದೂ ಹಂಗೇ ಉಜ್ಜಿದೀಯ. ಒಂದು ಗುರುತೂ ಉಳಿದಿಲ್ಲ” ಎಂದಳು ಕೊನೆಗೆ.

“ಬೈದುಬಿಡು ಅಮ್ಮ.”

“ಬೈದ್ರೆ ಇವು ಜೋಡಿ ಸೇರ್ತವಾ?” ಅಮ್ಮ ಸ್ಟೂಲಿನ ಮೇಲೆ ಕೂತಳು. ಟ್ರೇಯನ್ನು ಮಡಿಲಿಗೆಳೆದುಕೊಂಡಳು. “ಜೋಡಿಸಿಡು ಅಂದೆ. ಅವವುಗಳ ಜೋಡಿಗೆ ಸರಿಯಾಗಿ ಇಡು ಅಂತ ನನ್ನ ಮನಸ್ಸಲ್ಲಿ. ನಿನಗೆ ಕೇಳಿಸಿದ್ದು ತಟ್ಟೆ, ಲೋಟ. ಬಿಡಿಸಿ ಹೇಳಬೇಕಿತ್ತು ನಾನು. ಅರ್ಧ ತಪ್ಪು ನಂದು.”

ಅರ್ಧ ತಪ್ಪನ್ನು ಅಮ್ಮ ತೆಗೆದುಕೊಂಡ ಮೇಲೂ ಉಳಿದರ್ಧವೇ ಸಾಕಷ್ಟು ಭಾರವಿತ್ತು. ಬೋಲ್ಟುವಿನ ಕಣ್ಣಲ್ಲಿ ನೀರು ತುಂಬಿತು.

ಇನ್ನು ಉಳಿದದ್ದು ಒಂದೇ ದಾರಿ ಎಂದಳು ಅಮ್ಮ. ಎಂಟರ ತಳವನ್ನೂ ಗ್ರೈಂಡಿಂಗ್ ಅಂಗಡಿಯಲ್ಲಿ ಹೊಸದಾಗಿ ಸಾಣೆ ಹಿಡಿಸಬೇಕು. ಹಳೆಯ ಸವೆತ ಹೋದರೆ ಹೊಸ ಟ್ಯಾಪೆಟ್ಟಿನ ಹಾಗೆ. ಯಾವ ಉಬ್ಬಿನ ಮೇಲಾದರೂ ಕೂರಿಸಬಹುದು, ಹೊಸದಾಗಿ ಜೋಡಿ ಮಾಡಬಹುದು. ಆದರೆ ಗ್ರೈಂಡಿಂಗ್ ತಾತ ಯಾರ ಅವಸರಕ್ಕೂ ಬಗ್ಗುವವರಲ್ಲ. ಶನಿವಾರದೊಳಗೆ ಆಗುತ್ತದೆಯೋ ಇಲ್ಲವೋ ಹೇಳುವ ಹಾಗಿರಲಿಲ್ಲ.

“ಯಾಕೆ ಅಂತ ತಾತ ಕೇಳ್ತಾರೆ” ಎಂದಳು ಅಮ್ಮ. “ಹೇಳೋದು ನೀನೇ.”

ಗ್ರೈಂಡಿಂಗ್ ತಾತನನ್ನು ಎಲ್ಲರೂ ಕರೆಯುವುದು ಕೂದಲೆಳೆ ತಾತ ಎಂದು. “ಅರ್ಧ ಕೂದಲು ಜಾಸ್ತಿ”, “ಕಾಲು ಕೂದಲು ಕಮ್ಮಿ” ಎಂದೇ ಅವರ ಲೆಕ್ಕ. ಅವರ ತಲೆಯ ಮೇಲೆ ಮಾತ್ರ ಒಂದು ಕೂದಲೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಶಾಲೆಗೆ ಮೊದಲು ಅಮ್ಮ ಮಗಳು ಹೋದರು. ಮೇಜಿನ ಮೇಲೆ ಬೇರೆಯವರ ಕೆಲಸ ಗುಡ್ಡೆ ಬಿದ್ದಿತ್ತು. ತಾತ ಅದನ್ನು ತೋರಿಸಿ ಮುಂದಿನ ವಾರ ಬನ್ನಿ ಎಂದರು. ಅಮ್ಮ ಬೋಲ್ಟುವನ್ನು ನೋಡಿದಳು.

ಬೋಲ್ಟು ಮುಂದೆ ಬಂದಳು. ಹೇಳಲು ಶುರು ಮಾಡಿದಾಗ ದನಿ ಇಲಿಯಷ್ಟಿತ್ತು. ತಾತ ಕಿವಿಯ ಹಿಂದೆ ಕೈಯಿಟ್ಟುಕೊಂಡು “ಜೋರಾಗಿ ಹೇಳಮ್ಮ, ಮೆಷಿನ್ ಜೊತೆ ಬಾಳಿ ಬಾಳಿ ಕಿವಿ ಹೋಗಿದೆ” ಎಂದರು. ಇನ್ನೊಂದು ಸಲ ಮೊದಲಿಂದ ಹೇಳಬೇಕಾಯಿತು. ಸುರಿದದ್ದು, ತೊಳೆದದ್ದು, ಹೊಳಪಿನ ಪ್ರಕಾರ ಜೋಡಿಸಿದ್ದು.

ತಾತ ನಗಲಿಲ್ಲ, ಗದರಲೂ ಇಲ್ಲ. ಟ್ರೇಯಿಂದ ಒಂದನ್ನು ಎತ್ತಿ, ಒಳಗೆ ಬೆರಳು ಹಾಕಿ ತಿರುಗಿಸಿ, ಆ ಬೆರಳನ್ನು ತಮ್ಮ ಬಿಳಿ ಅಂಗಿಗೆ ಒರೆಸಿ ನೋಡಿದರು. ಅಂಗಿಯ ಮೇಲೆ ಒಂದು ಕಲೆಯೂ ಮೂಡಲಿಲ್ಲ.

“ನಲವತ್ತು ವರ್ಷದಿಂದ ಜನ ನನ್ನ ಮೇಜಿಗೆ ಜಿಡ್ಡೇ ತಂದು ಸುರೀತಾರೆ. ತೊಳೆದು ತಂದವರು ಇವಳೊಬ್ಬಳೇ” ಎಂದು ಅಮ್ಮನಿಗೆ ಹೇಳಿದರು. ಆಮೇಲೆ ಬೋಲ್ಟುವಿನ ಕಡೆ ತಿರುಗಿದರು. “ತೊಳೆಯೋದು ಗೊತ್ತು ನಿನಗೆ. ನೆನಪಿಡೋದು ಗೊತ್ತಿಲ್ಲ. ನಾಳೆ ಸಂಜೆ ಬಾ.”

ಡಾಕ್ಟರಮ್ಮನಿಗೂ ಬೋಲ್ಟುವೇ ಫೋನ್ ಮಾಡಿ ಹೇಳಿದಳು. ಈ ಬಾರಿ ಎರಡನೇ ಸಲ ಹೇಳಬೇಕಾಗಲಿಲ್ಲ.  ಡಾಕ್ಟರಮ್ಮ, ತಪ್ಪು ಆಯಿಲ್ ಹಾಕಿಸಿದ ತಮಗಿಂತ ಟ್ಯಾಪೆಟ್ ತೊಳೆದ ಅವಳೇ ವಾಸಿ ಎಂದರು. ಕಾರು ಆಗದಿದ್ದರೆ ಶಾಲೆಗೆ ನಡೆದೇ ಬರುತ್ತೇನೆ ಎಂದೂ ಸೇರಿಸಿದರು. ಅವರ ಮಂಡಿನೋವು ಊರಿಗೆಲ್ಲ ಗೊತ್ತಿದ್ದದ್ದೇ. ಬೋಲ್ಟುವಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಎನಿಸಿತು.

ಶಾಲೆಯಲ್ಲಿ ಮಾತ್ರ ಅವಳು ಬಾಯಿ ಬಿಡಲಿಲ್ಲ. ಶುಕ್ರವಾರ ಲೀಡರ್ ಚೌಕದ ಸುತ್ತ ಬಣ್ಣದ ಸೀಮೆಸುಣ್ಣದಲ್ಲಿ ಹೂ ಬಳ್ಳಿ ಬೇರೆ ಬಿಡಿಸಿದ್ದ. “ಕಾರು ಎಲ್ಲಿಗೆ ಬಂತು?” ಎಂದು ಕೇಳಿದವರಿಗೆಲ್ಲ “ಆಗ್ತಿದೆ” ಎಂದಷ್ಟೇ ಹೇಳಿ ನೀರು ಕುಡಿಯಲು ಓಡುತ್ತಿದ್ದಳು. ಅವತ್ತು ಅವಳು ಕುಡಿದ ನೀರಿಗೆ ಲೆಕ್ಕವಿಲ್ಲ.

ಕೂದಲೆಳೆ ತಾತ ಮಾತು ಉಳಿಸಿಕೊಂಡರು. ಶುಕ್ರವಾರ ಸಂಜೆ ಎಂಟು ಟ್ಯಾಪೆಟ್ಟೂ ಎಂಟು ಕಾಗದದ ಪೊಟ್ಟಣಗಳಲ್ಲಿ ಬಂದವು. ತಳ ಹೊಸದಾಗಿತ್ತು. ಅಮ್ಮ ಬೋಲ್ಟುವಿನ ಕೈಗೆ ಮಾರ್ಕರ್ ಕೊಟ್ಟಳು. ಬೋಲ್ಟು ಮೊಟ್ಟೆಯ ಟ್ರೇಯ ಒಂದೊಂದು ಗುಳಿಯಲ್ಲೂ ಒಂದರಿಂದ ಎಂಟರವರೆಗೆ ದಪ್ಪಗೆ ಬರೆದಳು. “ಮುಂದೆ” ಎಂದು ಒಂದು ಬಾಣವನ್ನೂ ಹಾಕಿದಳು. ಮುಂದೆ ಯಾವತ್ತು ಯಾರು ಬಿಚ್ಚಿದರೂ ತಪ್ಪಬಾರದು.

“ಇವತ್ತು ಕೂರಿಸೋಳು ನೀನೇ” ಎಂದಳು ಅಮ್ಮ.

ಬೋಲ್ಟು ತಳಕ್ಕೆ ಪೇಸ್ಟ್ ಸವರಿ, ಉಸಿರು ಬಿಗಿಹಿಡಿದು, ಒಂದನೆಯದನ್ನು ಒಂದನೆಯ ಮನೆಗೆ ಇಳಿಸಿದಳು. ಅದು ಸದ್ದಿಲ್ಲದೆ ಜಾರಿ ಕೂತಿತು. ಎಂಟೂ ಮುಗಿಯುವ ಹೊತ್ತಿಗೆ ಅವಳ ಮೂಗಿನ ತುದಿ, ಗಲ್ಲ, ಒಂದು ಹುಬ್ಬು ಕಪ್ಪಾಗಿದ್ದವು.

ಆಮೇಲೆ ಅಮ್ಮ ನಾಳೆಯ ಕೆಲಸ ಹೇಳಿದಳು. ಈ ಸಲ ಒಂದು ಮಾತನ್ನೂ ಅರ್ಧಕ್ಕೆ ಬಿಡಲಿಲ್ಲ. ಹೊಸ ಟ್ಯಾಪೆಟ್ಟು ಉಬ್ಬಿಗೆ ಹೊಂದಿಕೊಳ್ಳುವುದು ಮೊದಲ ಇಪ್ಪತ್ತು ನಿಮಿಷದಲ್ಲಿ. ಎಂಜಿನ್ ಹೊತ್ತಿಕೊಂಡ ಕೂಡಲೇ ನಿಮಿಷಕ್ಕೆ ಎರಡು ಸಾವಿರ ಸುತ್ತಿಗೆ ಏರಿಸಬೇಕು. ಇಪ್ಪತ್ತು ನಿಮಿಷ ಕೆಳಗಿಳಿಸಬಾರದು. ಜೋರಾಗಿ ತಿರುಗಿದರೆ ಆಯಿಲ್ ಚಿಮ್ಮಿ ಉಬ್ಬುಗಳಿಗೆಲ್ಲ ಸಿಡಿಯುತ್ತದೆ. ಪಾಪ ಹೊಸದು ಎಂದು ಮೆಲ್ಲಗೆ ಓಡಿಸಿದರೆ ಆಯಿಲ್ ಅಲ್ಲಿಗೆ ಸರಿಯಾಗಿ ಹೋಗುವುದೇ ಇಲ್ಲ. ಒಣಗಿದ ಉಕ್ಕಿನ ಮೇಲೆ ಉಕ್ಕು ತಿಕ್ಕುತ್ತದೆ.

“ಈಗ ನೀನು ಹೇಳು” ಎಂದಳು ಅಮ್ಮ. ಬೋಲ್ಟು ಎಲ್ಲವನ್ನೂ ತಿರುಗಿ ಹೇಳಿದಳು. ಒಂದೂ ತಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಬೋಲ್ಟು ಎದ್ದಾಗ ಅಮ್ಮ ಆಗಲೇ ಶೆಡ್ಡಿನಲ್ಲಿದ್ದಳು. ಗ್ಯಾಪ್ ಹೊಂದಿಸಬೇಕಿತ್ತು, ಹಳೇ ಕಾರಿಗೆ ತಕ್ಕ ಆಯಿಲ್ ತುಂಬಬೇಕಿತ್ತು, ಸ್ಟಾರ್ಟ್ ಮಾಡುವ ಮೊದಲೇ ಅದು ಎಲ್ಲ ಕಡೆ ಹರಿಯುವ ಹಾಗೆ ಪಂಪನ್ನು ಡ್ರಿಲ್ ಮೆಷಿನ್ನಿನಿಂದ ತಿರುಗಿಸಬೇಕಿತ್ತು. ಒಂದನ್ನೂ ಬಿಡುವ ಹಾಗಿರಲಿಲ್ಲ. ಒಂಬತ್ತೂವರೆಗೆ ಡಾಕ್ಟರಮ್ಮ ಇಸ್ತ್ರಿ ಹಾಕಿದ ಸೀರೆಯುಟ್ಟು, ಕೋಲೂರಿಕೊಂಡು ಬಂದಾಗ ಅಮ್ಮ ಇನ್ನೂ ಕೊನೆಯ ನಟ್ಟು ಬಿಗಿಯುತ್ತಿದ್ದಳು. “ಹೇಗಿದಾಳೆ ನಮ್ಮ ಪೇಷಂಟು?” ಎಂದು ಕೇಳಿ ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತರು.

ಒಂಬತ್ತು ಮುಕ್ಕಾಲಿಗೆ ಎಲ್ಲ ಸಿದ್ಧವಾಯಿತು. ಕಾರನ್ನು ಅಂಗಳಕ್ಕೆ ತಳ್ಳಿ ನಿಲ್ಲಿಸಿದರು. ಡ್ರೈವರ್ ಸೀಟಿನಲ್ಲಿ ಬೋಲ್ಟು. ಆಯಿಲಿನ ಮುಳ್ಳು, ಬಿಸಿಯ ಮುಳ್ಳು, ಗಡಿಯಾರ, ಈ ಮೂರನ್ನೂ ನೋಡುವುದು ಅವಳ ಕೆಲಸ. ಯಾವುದಾದರೂ ಕೆಂಪು ಗೆರೆಯ ಕಡೆ ಹೋದರೆ ಕೀಲಿ ತಿರುಗಿಸಿ ಆಫ್ ಮಾಡಬೇಕು. ಅದಿಲ್ಲದೆ ಯಾರು ಹೇಳಿದರೂ ಆಫ್ ಮಾಡಬಾರದು. ಅಮ್ಮ ಬಾನೆಟ್ಟಿನ ಹತ್ತಿರ ಎರಡೂ ಕೈಯಲ್ಲಿ ವೇಗ ಏರಿಸುವ ಕಂಬಿ ಹಿಡಿದುಕೊಂಡು ನಿಂತಳು.

ಬೋಲ್ಟು ಕೀಲಿ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅಮ್ಮ ಕೂಡಲೇ ವೇಗ ಏರಿಸಿದಳು. ಅಂಗಳವೆಲ್ಲ ಗರ್ಜನೆ ತುಂಬಿತು. ಎದುರುಮನೆಯ ಕಿಟಕಿಗಳು ಪಟಪಟ ಮುಚ್ಚಿಕೊಂಡವು.

ಹತ್ತು ಗಂಟೆಗೆ ಐದು ನಿಮಿಷವಿದ್ದಾಗ ಗೇಟಿನಲ್ಲಿ ಸೈಕಲ್ಲೊಂದು ಬಂದು ನಿಂತಿತು. ಲೀಡರ್. ಎದೆಯ ಮೇಲೆ ಬ್ಯಾಡ್ಜು, ಕೈಯಲ್ಲಿ ವಾಚು, ಮುಖದ ತುಂಬ ಬೆವರು. ಹೆಡ್ ಮೇಡಂ ಅವನನ್ನು ಕಳಿಸಿದ್ದರು. ಎಲ್ಲರೂ ಸಾಲಾಗಿ ನಿಂತು ಕಾಯುತ್ತಿದ್ದಾರೆ ಎಂದು ಅವನು ಡಾಕ್ಟರಮ್ಮನ ಕಿವಿಯಲ್ಲಿ ಕೂಗಿ ಹೇಳಿದ.

ಡಾಕ್ಟರಮ್ಮ ಕಾರಿನ ಕಿಟಕಿಗೆ ಬಂದು ಬಗ್ಗಿದರು.

“ಓಡ್ತಿದೆಯಲ್ಲಮ್ಮ, ಸಾಕು ಬಾ. ಸ್ಕೂಲು ಇಲ್ಲೇ ಇದೆ. ಮೆಲ್ಲಗೆ ಓಡಿಸ್ಕೊಂಡು ಹೋಗ್ತೀನಿ. ಮಕ್ಕಳು ಬಿಸಿಲಲ್ಲಿ ನಿಂತಿದಾರೆ.”

ಬೋಲ್ಟು ಅಮ್ಮನನ್ನು ನೋಡಿದಳು. ಅಮ್ಮನಿಗೆ ಈ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅವಳು ತಲೆ ಬಗ್ಗಿಸಿ ತನ್ನ ಕೈಯನ್ನೇ ನೋಡುತ್ತಿದ್ದಳು. ಕೀಲಿ ಬೋಲ್ಟುವಿನ ಬೆರಳಿನ ಪಕ್ಕದಲ್ಲೇ ಇತ್ತು. ಮುಖ್ಯ ಅತಿಥಿ ಹೇಳುತ್ತಿದ್ದಾರೆ, ಹೆಡ್ ಮೇಡಂ ಕಾಯುತ್ತಿದ್ದಾರೆ, ಇಡೀ ಶಾಲೆ ಗೇಟಿನಲ್ಲಿದೆ. ಗಡಿಯಾರದಲ್ಲಿ ಹತ್ತೇ ನಿಮಿಷ ಆಗಿತ್ತು.

“ಮೆಲ್ಲಗೆ ಹೋದ್ರೇ ಕಷ್ಟ ಡಾಕ್ಟರಮ್ಮ” ಎಂದಳು. “ಇನ್ನೂ ಹತ್ತು ನಿಮಿಷ ಬೇಕು.”

ಡಾಕ್ಟರಮ್ಮ ಅವಳ ಮುಖ ನೋಡಿದರು. ತಾವು ಹೇಳಿದ ಔಷಧಿಯನ್ನು ಜನ ಅರ್ಧಕ್ಕೇ ನಿಲ್ಲಿಸಿ ಬಂದದ್ದನ್ನು ಎಷ್ಟೋ ಸಲ ಕಂಡವರು ಅವರು. ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತರು.

ಲೀಡರ್ ಅಷ್ಟು ಸುಲಭಕ್ಕೆ ಬಿಡುವವನಲ್ಲ. ಅವನು ಕಿಟಕಿಗೆ ಮುಖ ತುರುಕಿದ. “ನಾನೇ ರಿಪೇರಿ ಮಾಡ್ತಿದೀನಿ ಅಂದ್ಯಲ್ಲ, ಮತ್ತೆ ಯಾಕೆ ಲೇಟು?”

“ನಾನು ಟ್ಯಾಪೆಟ್ ಕಲಸಿಬಿಟ್ಟೆ.”

“ಏನು?”

“ಟ್ಯಾಪೆಟ್ ಕಲಸಿಬಿಟ್ಟೆ!”

“ಕೇಳಿಸ್ತಿಲ್ಲ, ಜೋರಾಗಿ ಹೇಳು!”

ಬೋಲ್ಟು ಎದೆತುಂಬ ಉಸಿರೆಳೆದುಕೊಂಡು, ಇದ್ದಬದ್ದ ಗಂಟಲ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು. “ನಂದೇ ತಪ್ಪು! ನಾನೇ ಕಲಸಿದ್ದು! ಅಮ್ಮ ಸರಿ ಮಾಡಿದ್ದು!”

ಎದುರುಮನೆಯ ಒಂದು ಕಿಟಕಿ ಮತ್ತೆ ತೆರೆಯಿತು. ಬೀದಿಯ ತುದಿಯವರೆಗೂ ಕೇಳಿಸಿರಬೇಕು. ಬಾನೆಟ್ಟಿನ ಹತ್ತಿರ ಅಮ್ಮ ತಲೆ ಎತ್ತಿದಳು. ಅವಳಿಗೂ ಕೇಳಿಸಿತ್ತು. ತನಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು ಬೋಲ್ಟು. ಆಗಲಿಲ್ಲ. ಎರಡು ದಿನ ನೀರು ಕುಡಿದು ಕುಡಿದು ಒಳಗೆ ತಳ್ಳಿದ್ದ ಮಾತು ಅದು. ಹೊರಗೆ ಬಂದ ಮೇಲೆ ಅವಳು ಸೀಟಿನಲ್ಲಿ ಇನ್ನಷ್ಟು ನೆಟ್ಟಗೆ ಕೂತಳು.

“ಆಮೇಲೆ?” ಎಂದು ಕೂಗಿದ ಲೀಡರ್.

ಬೋಲ್ಟು ಮುಳ್ಳಿನಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಕೂಗಿ ಕೂಗಿ ಹೇಳಿದಳು. ಚಪ್ಪಲಿಯ ವಿಷಯ, ಕೂದಲೆಳೆ ತಾತನ ವಿಷಯ, ಇಪ್ಪತ್ತು ನಿಮಿಷದ ವಿಷಯ. ಕೇಳುತ್ತ ಕೇಳುತ್ತ ಲೀಡರ್ ಸೈಕಲ್ಲನ್ನು ಗೋಡೆಗೆ ಒರಗಿಸಿದ. ತನ್ನ ವಾಚನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು, ಅವಳದು ಹಳೇ ಗಡಿಯಾರ, ತನ್ನದು ಸೆಕೆಂಡ್ ಸಹಿತ ತೋರಿಸುತ್ತದೆ ಎಂದ. ಆಮೇಲೆ ಉಳಿದ ನಿಮಿಷಗಳನ್ನು ಅವನೇ ಬೆರಳೆತ್ತಿ ಅಮ್ಮನಿಗೆ ತೋರಿಸತೊಡಗಿದ. ಆರು, ಐದು, ನಾಲ್ಕು. ಶಾಲೆಗೆ ಹೋಗಿ ಸುದ್ದಿ ಹೇಳಬೇಕಿತ್ತು ಎಂಬುದು ಅವನಿಗೆ ಮರೆತೇ ಹೋಗಿತ್ತು.

“ಇಪ್ಪತ್ತು” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಅಮ್ಮ ನಿಧಾನವಾಗಿ ವೇಗ ಇಳಿಸಿದಳು. ಗರ್ಜನೆ ತಗ್ಗಿತು, ಇನ್ನೂ ತಗ್ಗಿತು, ಆಮೇಲೆ ಅಂಗಳದಲ್ಲಿ ಎದುರುಮನೆಯ ಮಿಕ್ಸಿಯ ಸದ್ದು ಮಾತ್ರ ಉಳಿಯಿತು.

ಲೀಡರನ ಮುಖ ಸಪ್ಪಗಾಯಿತು. “ಅಯ್ಯೋ, ಆಫ್ ಆಗೋಯ್ತು.”

ಡಾಕ್ಟರಮ್ಮನೂ ಸ್ಟೂಲಿನಿಂದ ಅರ್ಧ ಎದ್ದರು. ಅಮ್ಮ ಮಾತ್ರ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಮಗಳ ಕಡೆ ನೋಡಿದಳು.

ಬೋಲ್ಟು ಕಾರಿನಿಂದ ಇಳಿದು ಬಂದಳು. ಲೀಡರನ ಕೈ ಹಿಡಿದು ಬಾನೆಟ್ಟಿನ ಪಕ್ಕದ ಹಸಿರು ತಗಡಿನ ಮೇಲೆ ಇಡಿಸಿದಳು. ಅಂಗೈಯ ಕೆಳಗೆ ತಗಡು ಸಣ್ಣಗೆ, ಒಂದೇ ಸಮ ಅದುರುತ್ತಿತ್ತು.

“ಓಡ್ತಿದೆ” ಎಂದಳು.

ಲೀಡರ್ ಕಣ್ಣರಳಿಸಿದ. ಬಗ್ಗಿ ಬಾನೆಟ್ಟಿನೊಳಗೆ ಇಣುಕಿದ. ಅಲ್ಲಿ ಕಾಣುತ್ತಿದ್ದದ್ದು ಕಪ್ಪು ಮುಚ್ಚಳ, ಒಂದಿಷ್ಟು ಪೈಪು. ಅವಳ ಟ್ಯಾಪೆಟ್ಟುಗಳು ಎಲ್ಲಿ ಎಂದು ಅವನು ಕೇಳಿದ. ಒಳಗಿವೆ, ಕಾಣುವುದಿಲ್ಲ ಎಂದಳು ಬೋಲ್ಟು. ಹಾಗೆ ಹೇಳುವಾಗ ಅವಳಿಗೆ ಒಂಚೂರೂ ಬೇಜಾರಾಗಲಿಲ್ಲ. ಕೈ ಇನ್ನೂ ತಗಡಿನ ಮೇಲೇ ಇತ್ತು. ಒಂದನೆಯದು ಒಂದರ ಮೇಲೆ, ನಾಲ್ಕನೆಯದು ನಾಲ್ಕರ ಮೇಲೆ, ಎಂಟೂ ಒಳಗೆ ಏಳುತ್ತ ಇಳಿಯುತ್ತ ಇರುವುದು ಅವಳಿಗೆ ಗೊತ್ತಿತ್ತು.

ಡಾಕ್ಟರಮ್ಮ ಡ್ರೈವರ್ ಸೀಟಿನಲ್ಲಿ ಕೂತು ಸೀರೆಯ ಸೆರಗು ಸರಿ ಮಾಡಿಕೊಂಡರು. ಸಂಜೆ ಕಾರನ್ನು ವಾಪಸ್ ತನ್ನಿ, ಈ ಆಯಿಲ್ ಬಸಿದು ಬೇರೆ ಹಾಕಬೇಕು ಎಂದು ಅಮ್ಮ ಕಿಟಕಿಯಲ್ಲಿ ಹೇಳಿದಳು. ಆಮೇಲೆ ಬೋಲ್ಟುವಿನ ಕಡೆ ತಿರುಗಿ, “ಹೋಗು, ಮುಖ ತೊಳ್ಕೊಂಡು ಬಾ, ಬೇಗ” ಎಂದಳು.

ಬೋಲ್ಟು ಕಾರಿನ ಕನ್ನಡಿಯಲ್ಲಿ ನೋಡಿಕೊಂಡಳು. ಮೂಗಿನ ಮೇಲೆ ಬೆಳಗಿನ ಕೆಲಸದ ಒಂದು ಗೀಟು ಕಪ್ಪು, ಗಲ್ಲದ ಮೇಲೆ ಇನ್ನೊಂದು.

“ಇರಲಿ ಬಿಡಮ್ಮ” ಎಂದು ಹೇಳಿ ಹಿಂದಿನ ಸೀಟು ಹತ್ತಿದಳು. ಅಮ್ಮನೂ ಹತ್ತಲಿ ಎಂದು ಪಕ್ಕಕ್ಕೆ ಸರಿದು ಕೂತಳು.